ಜೇಬು ತಡಕುವ ಮುನಿತಾಯಮ್ಮ

ನಮ್ಮ ಪಡುವಣ ಫುಟ್‌ಬಾಲ್ ಕ್ಲಬ್ಬಿನ ಬಗ್ಗೆ ಯಾರಾದರೂ ಬರೆದರೆ ಗೆದ್ದ ಕಪ್ಪುಗಳ ಬಗ್ಗೆ ಬರೆಯುತ್ತಾರೆ, ಇಲ್ಲವೇ ಅಧ್ಯಕ್ಷರ ಬಗ್ಗೆ. ಬಟ್ಟೆ ಒಗೆಯುವ ಹೆಂಗಸಿನ ಬಗ್ಗೆ ಯಾರೂ ಬರೆಯುವುದಿಲ್ಲ. ಹಾಗಾಗಿ ಆ ಕೆಲಸವೂ ನನ್ನ ತಲೆಗೇ ಬಂದಿದೆ. ಬರೆಯುವುದು ನನ್ನ ಕಸುಬಲ್ಲ. ಆರ್‌ಪಿಸಿ ಲೇಔಟಿನಲ್ಲಿ ನನ್ನದೊಂದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇದೆ. ಇಪ್ಪತ್ತು ವರ್ಷದಿಂದ ಕ್ಲಬ್ಬಿನ ಕಾರ್ಯದರ್ಶಿ, ಅಂದರೆ ಬೇರೆ ಯಾರೂ ಒಪ್ಪದ ಕೆಲಸಗಳನ್ನೆಲ್ಲ ಮಾಡುವವನು. ಹೆಸರು ಸಂಪತ್. ಸಿಟ್ಟು ಸ್ವಲ್ಪ ಬೇಗ ಬರುತ್ತದೆ ಅಂತ ಹೆಂಡತಿ ಹೇಳುತ್ತಾಳೆ. ಈ ಬರಹದಲ್ಲಿ ಅದು ಕಂಡರೆ ಬಹುಪಾಲು ನನ್ನ ಮೇಲಿನದೇ ಅಂತ ತಿಳಿಯಿರಿ.

ಮುನಿತಾಯಮ್ಮನಿಗೆ ಈಗ ಅರವತ್ತೆರಡು. ಹುಟ್ಟಿದ್ದು, ಬೆಳೆದದ್ದು, ಮದುವೆಯಾದದ್ದು, ಗಂಡನನ್ನು ಕಳೆದುಕೊಂಡದ್ದು ಎಲ್ಲವೂ ಬಿನ್ನಿಪೇಟೆಯ ಎರಡು ಬೀದಿಗಳ ಒಳಗೆ. ಅಪ್ಪ ಅಲ್ಲಿನ ಬಟ್ಟೆ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ನಮ್ಮ ಕ್ಲಬ್ಬು ಕಟ್ಟಿದ್ದು ಆ ಮಿಲ್ಲಿನವರೇ. ಮಿಲ್ಲು ಹೋಗಿ ಅಪಾರ್ಟ್‌ಮೆಂಟು ಬಂದರೂ ಕ್ಲಬ್ಬು ಹೇಗೋ ಉಳಿದುಕೊಂಡು, ಮಾರೇನಹಳ್ಳಿಯ ಮೈದಾನದ ಮೂಲೆಗೆ ಬಂದು ಬಿತ್ತು. ಶೀಟು ಹೊದಿಸಿದ ಎರಡು ಕೋಣೆ, ಹಿಂದುಗಡೆ ಒಂದು ನಲ್ಲಿ, ಒಂದು ಒಗೆಯುವ ಕಲ್ಲು. ಆ ಕಲ್ಲಿನ ಮುಂದೆ ಮುನಿತಾಯಮ್ಮ ಇಪ್ಪತ್ತೇಳು ವರ್ಷದಿಂದ ನಿಂತಿದ್ದಾಳೆ. ಐದು ವರ್ಷದ ಕೆಳಗೆ ನಾನೇ ಹಟ ಮಾಡಿ ವಾಷಿಂಗ್ ಮೆಷಿನ್ ತರಿಸಿದೆ. ಅದರ ಮೇಲೆ ಅವಳು ಸೋಪಿನ ಡಬ್ಬ ಇಡುತ್ತಾಳೆ. ಕೇಳಿದರೆ, "ಮೆಷಿನ್ನಿಗೆ ಮೊಣಕಾಲು ಯಾವುದು, ಬೆನ್ನು ಯಾವುದು ಅಂತ ಗೊತ್ತಾಗಲ್ಲ ಸಾರ್" ಅನ್ನುತ್ತಾಳೆ.

ಅವಳಿಗೆ ಅಕ್ಷರ ಬರುವುದಿಲ್ಲ. ಅಂಕಿ ಬರುತ್ತದೆ. ಜರ್ಸಿಯ ಬೆನ್ನಿನ ನಂಬರಿನಿಂದ ಹುಡುಗರನ್ನು ಗುರುತಿಸುತ್ತಾಳೆ. ಬಟ್ಟೆ ನೋಡಿಯೇ ಯಾರು ಎಡಕ್ಕೆ ಬೀಳುತ್ತಾನೆ, ಯಾರು ಓಡುವುದನ್ನು ಕಡಿಮೆ ಮಾಡಿದ್ದಾನೆ, ಯಾರು ನೋವಿನ ಮುಲಾಮು ಹಚ್ಚಿಕೊಂಡು ಕೋಚಿಗೆ ಹೇಳದೆ ಮುಚ್ಚಿಟ್ಟಿದ್ದಾನೆ ಎಂದು ಹೇಳಬಲ್ಲಳು. ನಮ್ಮ ಕೋಚ್ ನಂಜುಂಡಪ್ಪ ಸರ್ಕಾರಿ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರಾಗಿ ನಿವೃತ್ತರಾದವರು. ಟೀಮು ಬರೆಯುವ ಮುಂಚೆ ಅವರು ಒಮ್ಮೆ ನಲ್ಲಿಯ ಹತ್ತಿರ ಹೋಗಿ ಬರುವುದುಂಟು. ನೀರು ಕುಡಿಯಲು ಹೋಗಿದ್ದೆ ಅನ್ನುತ್ತಾರೆ, ಅದು ಸುಳ್ಳು.

ಒಗೆಯುವ ಮುಂಚೆ ಮುನಿತಾಯಮ್ಮ ಪ್ರತಿ ಟ್ರ್ಯಾಕ್ ಪ್ಯಾಂಟಿನ ಜೇಬನ್ನೂ ತಡಕುತ್ತಾಳೆ. ಸಿಕ್ಕಿದ್ದು ಒಂದು ಹಳೆಯ ಬಿಸ್ಕತ್ತಿನ ಡಬ್ಬಿಗೆ ಹೋಗುತ್ತದೆ. ಬಸ್ ಪಾಸು, ಬೀಗದ ಕೈ, ಹುಡುಗಿಯ ಪಾಸ್‌ಪೋರ್ಟ್ ಫೋಟೊ. ಪ್ರಾಕ್ಟೀಸ್ ಮುಗಿದು ಚಹಾ, ಬನ್ನು ಬಂದಾಗ ನಾನು ಡಬ್ಬಿ ತೆಗೆದು ಒಂದೊಂದೇ ವಸ್ತುವನ್ನು ಎತ್ತಿ ತೋರಿಸಬೇಕು. "ಯಾರದಪ್ಪಾ ಇದು?" ಎಂದು ಕೇಳಬೇಕು. ವಾರಸುದಾರ ಕೈ ಎತ್ತಿ, ಮೈದಾನ ಒಂದು ಸುತ್ತು ಓಡಿ ಬಂದು, ತನ್ನದನ್ನು ತೆಗೆದುಕೊಳ್ಳಬೇಕು. ಮಿಕ್ಕವರು ಶಿಳ್ಳೆ ಹಾಕಬೇಕು. ಮಿಲ್ಲಿನ ಕಾಲದಿಂದ ಬಂದ ಪದ್ಧತಿ ಇದು. ಇದರಲ್ಲಿ ಕೆಟ್ಟದ್ದೇನಿದೆ ಅಂತ ಯಾರಿಗೂ ಅನ್ನಿಸಿರಲಿಲ್ಲ.

ಹದಿನೈದು ವರ್ಷದ ಹಿಂದೆ ಒಂದು ದಿನ ಡಬ್ಬಿಯಲ್ಲಿ ಎಲ್ಲದಕ್ಕಿಂತ ಮೇಲೆ, ಮರ್ಯಾದೆಯಾಗಿ, ಒಂದು ಚಿಕ್ಕ ಪೇಪರು ಪೊಟ್ಟಣ ಇತ್ತು. ಒಳಗೆ ಒಣಗಿದ ಎಲೆಯಂಥದ್ದು. ಯಾವುದೋ ದೇವಸ್ಥಾನದ ಪತ್ರೆ, ಪ್ರಸಾದ, ಅಂತ ಮುನಿತಾಯಮ್ಮ ತಿಳಿದಿದ್ದಳು. ನಾನೂ ಬುದ್ಧಿವಂತನೇನಲ್ಲ, "ಯಾರದಪ್ಪಾ ಈ ಪ್ರಸಾದ?" ಎಂದು ಎತ್ತಿ ತೋರಿಸಿದೆ. ಎಂಟನೇ ನಂಬರಿನ ಗೌತಮ್ ನಗುತ್ತಾ ಕೈ ಎತ್ತಿದ. ವರ್ಷಗಟ್ಟಲೆ ಡಬ್ಬಿಗೆ ಕೈ ಎತ್ತಿದ ಅಭ್ಯಾಸ. ಎತ್ತಿದ ಮೇಲೆ ಅದು ಏನೆಂದು ಅವನಿಗೇ ಹೊಳೆಯಿತು. ಕೈ ಕೆಳಗಿಳಿಯುವಷ್ಟರಲ್ಲಿ ಆಗಿನ ಕಮಿಟಿಯ ಇಬ್ಬರು ಅದನ್ನು ಮೂಸಿ ನೋಡಿದ್ದರು.

ಗೌತಮನಿಗೆ ಹತ್ತೊಂಬತ್ತು ವರ್ಷ. ಅವನ ಕಾಲಿಗೆ ಚೆಂಡು ಬಂದರೆ ಅವನಿಗೆ ಮಾತ್ರ ಮೈದಾನ ಎರಡು ಗಜ ಹೆಚ್ಚು ಅಗಲವಾಗುತ್ತಿತ್ತು. ಅದೇ ಸಂಜೆ ಕಮಿಟಿ ಕೂತು ಆಜೀವ ನಿಷೇಧ ಎಂದಿತು. ನನ್ನ ಕೈಬರಹ ಚೆನ್ನಾಗಿದೆ ಅಂತ ನೋಟೀಸು ಬರೆಯಲು ನನಗೆ ಕೊಟ್ಟರು. ಗಾಂಜಾ ಎಂಬ ಪದವನ್ನು ಕೆಂಪು ಇಂಕಿನಲ್ಲಿ ಬರೆದೆ. ಹಾಗೆ ಬರಿ ಅಂತ ಯಾರೂ ಹೇಳಿರಲಿಲ್ಲ, ಅದು ನನ್ನ ಸ್ವಂತ ಉತ್ಸಾಹ. ಬೋರ್ಡು ಇರುವುದು ಗೇಟಿನ ಹೊರಗೆ, ಬಸ್ಸು ತಿರುಗುವ ಜಾಗದಲ್ಲಿ. ಮಾರನೆಯ ದಿನ ಗೌತಮನ ಅಪ್ಪ ಕೆಲಸಕ್ಕೆ ಹೋಗುವಾಗ ಬಸ್ಸಿನ ಕಿಟಕಿಯಿಂದಲೇ ಅದನ್ನು ಓದಿದರಂತೆ. ನಾಲ್ಕು ತಿಂಗಳು ಹುಡುಗ ಮನೆಯಿಂದ ಹೊರಗೆ ಬರಲಿಲ್ಲ. ಐದನೇ ತಿಂಗಳು ಮನೆಯಲ್ಲಿ ಇರಲಿಲ್ಲ. ಈ ಹೊತ್ತಿಗೂ ಎಲ್ಲಿದ್ದಾನೆ ಗೊತ್ತಿಲ್ಲ, ಇದ್ದಾನೋ ಇಲ್ಲವೋ ಅದೂ ಗೊತ್ತಿಲ್ಲ.

ಗೌತಮನ ತಾಯಿ ಲಿಂಗಮ್ಮ ಮುನಿತಾಯಮ್ಮನ ಹಿಂದಿನ ಬೀದಿಯವರು. ಹುಡುಗ ಹೋದ ವಾರ ಬೀದಿ ನಲ್ಲಿಯ ಹತ್ತಿರ ಒಂದು ಮಾತು ಹೇಳಿದರು. "ನನ್ನ ಮಗನ್ನ ಎತ್ತಿ ಡಬ್ಬಿಗೆ ಹಾಕಿದೋಳು ನೀನು." ಆಮೇಲೆ ಇವತ್ತಿನವರೆಗೂ ಮಾತಿಲ್ಲ. ನೋಟೀಸು ಬರೆದವನ ಹತ್ತಿರ ಲಿಂಗಮ್ಮ ಏನೂ ಕೇಳಲಿಲ್ಲ. ನನ್ನ ಅಂಗಡಿಗೆ ಬಂದು ಬಲ್ಬು ತೆಗೆದುಕೊಂಡು ಹೋಗುತ್ತಾರೆ, ನಾನು ಚಿಲ್ಲರೆ ಕೊಡುತ್ತೇನೆ. ಆ ಮಾತನ್ನು ಪೂರ್ತಿಯಾಗಿ ಹೊತ್ತುಕೊಂಡಿದ್ದು ಓದು ಬರದ ಮುನಿತಾಯಮ್ಮ ಒಬ್ಬಳೇ.

ಇಷ್ಟು ಹೇಳದೆ ಕಳೆದ ಆಗಸ್ಟಿನ ಆ ವಾರವನ್ನು ಹೇಳಲು ಆಗುವುದಿಲ್ಲ. ನಾವು ಎ ಡಿವಿಷನ್ನಿನಲ್ಲಿ ಎರಡನೇ ಸ್ಥಾನದಲ್ಲಿದ್ದೆವು. ಭಾನುವಾರದ ಮ್ಯಾಚು ಗೆದ್ದರೆ ಸೂಪರ್ ಡಿವಿಷನ್, ಹನ್ನೊಂದು ವರ್ಷದ ಮೇಲೆ. ಅಲ್ಲಿಯವರೆಗೆ ನಮ್ಮನ್ನು ತಂದವನು ಗೋಲ್‌ಕೀಪರ್, ನಮ್ಮ ಬಾಯಲ್ಲಿ ಗೋಲಿ, ಮುತ್ತುರಾಜ. ಗೋಕಾಕದ ಕಡೆಯವನು, ಇಪ್ಪತ್ತೆರಡು ವರ್ಷ. ಕೆಂಗೇರಿಯಲ್ಲಿ ನಾಲ್ಕು ಜನರ ಜೊತೆ ಒಂದು ರೂಮು. ಬೆಳಿಗ್ಗೆ ಆರಕ್ಕೆ ಪ್ರಾಕ್ಟೀಸು, ಮಧ್ಯಾಹ್ನದಿಂದ ವಿಜಯನಗರದ ಸುತ್ತ ಊಟದ ಡೆಲಿವರಿ. ಮುನಿತಾಯಮ್ಮನನ್ನು ಅವನು ಆಯಿ ಅನ್ನುತ್ತಾನೆ. ಅವನ ಊರಲ್ಲಿ ಅಜ್ಜಿಯನ್ನು ಹಾಗೆ ಕರೆಯುತ್ತಾರಂತೆ.

ಗುರುವಾರ ಬೆಳಿಗ್ಗೆ ಅವನ ಟ್ರ್ಯಾಕ್ ಪ್ಯಾಂಟಿನ ಜೇಬಿನಲ್ಲಿ ಮುನಿತಾಯಮ್ಮನ ಬೆರಳಿಗೆ ಒಂದು ಪ್ಲಾಸ್ಟಿಕ್ ಪೊಟ್ಟಣ ಸಿಕ್ಕಿತು. ಈ ಸಲ ಅವಳಿಗೆ ಪ್ರಸಾದ ಅನ್ನಿಸಲಿಲ್ಲ. ಹದಿನೈದು ವರ್ಷದಿಂದ ಆ ವಾಸನೆ ಅವಳ ಮೂಗಿನಲ್ಲೇ ಇತ್ತು. ಅವಳು ಪ್ಯಾಂಟನ್ನು ಬಕೀಟಿಗೆ ಅದ್ದಿ, ಪೊಟ್ಟಣವನ್ನು ಎಲೆಅಡಿಕೆಯ ಚೀಲಕ್ಕೆ ಹಾಕಿಕೊಂಡಳು. ಅವತ್ತು ಡಬ್ಬಿಯಲ್ಲಿ ಒಂದು ಬಾಚಣಿಗೆ ಮಾತ್ರ ಇತ್ತು. ಇದೆಲ್ಲ ನನಗೆ ಗೊತ್ತಾಗಿದ್ದು ಆಮೇಲೆ, ಅವಳ ಬಾಯಿಂದಲೇ.

ಚಹಾ ಮುಗಿದ ಮೇಲೆ ಮುತ್ತುರಾಜ ಕಲ್ಲಿನ ಹತ್ತಿರ ಬಂದು ನಿಂತ.

"ಆಯಿ, ನನ್ ಪ್ಯಾಂಟಿನ್ಯಾಗ ಏನರ ಸಿಕ್ತೇನ್ರಿ?"

"ಏನಿತ್ತಪ್ಪಾ?"

"ಏನಿಲ್ಲ ಬಿಡ್ರಿ. ಒಂದ್ ಚೀಟಿ ಇತ್ತು."

"ಏನೂ ಇರ್ಲಿಲ್ಲ."

ಅವನು ಅಲ್ಲೇ ನಿಂತಿದ್ದ. ನೀರು ಹರಿದು ಅವನ ಚಪ್ಪಲಿ ಒದ್ದೆಯಾಗುತ್ತಿದ್ದರೂ ಸರಿಯಲಿಲ್ಲ. ಪೊಟ್ಟಣ ದಾರಿಯಲ್ಲಿ ಬಿದ್ದಿರಬಹುದು, ಇಲ್ಲವೇ ಯಾರೋ ಎತ್ತಿಕೊಂಡಿರಬಹುದು. ಯಾರು ಎತ್ತಿಕೊಂಡರು ಅನ್ನುವ ಯೋಚನೆ ಅವನ ಮುಖದ ಮೇಲೇ ಕಾಣುತ್ತಿತ್ತು ಅಂತ ಅವಳು ಹೇಳುತ್ತಾಳೆ.

ಮನೆಗೆ ನಡೆದು ಹೋಗುವಾಗ ಮಾರೇನಹಳ್ಳಿ ಸರ್ಕಲಿನಲ್ಲಿ ಪೊಲೀಸರ ಹೊಯ್ಸಳ ಗಾಡಿ ನಿಂತಿತ್ತು. ಇಪ್ಪತ್ತೇಳು ವರ್ಷದಿಂದ ಅದೇ ದಾರಿಯಲ್ಲಿ ಓಡಾಡುವ ಹೆಂಗಸು ಅವತ್ತು ಹೂವಿನ ಅಂಗಡಿಯ ಮರೆಯಲ್ಲಿ ನಿಂತು, ಬೇಡದಿದ್ದರೂ ಒಂದು ಮೊಳ ಮಲ್ಲಿಗೆ ಕೊಂಡು, ಗಾಡಿ ಹೋಗುವವರೆಗೆ ಕಾದಳು. ಪೊಟ್ಟಣವನ್ನು ಮನೆಯಲ್ಲಿ ರಾಗಿ ಡಬ್ಬದಲ್ಲಿ ಇಟ್ಟಳು. ಮತ್ತೆ ತೆಗೆದು ದಿಂಬಿನ ಕೆಳಗೆ, ಮತ್ತೆ ತೆಗೆದು ಎಲೆಅಡಿಕೆಯ ಚೀಲಕ್ಕೆ. ಮೋರಿಗೆ ಎಸೆದಿದ್ದರೆ ಮುಗಿಯುತ್ತಿತ್ತಲ್ಲ ಎಂದು ನಾನು ಕೇಳಿದ್ದಕ್ಕೆ ಹೀಗೆಂದಳು: "ಎಸೆದ್ರೆ ಅವ್ನು ಇನ್ನೊಂದ್ ತರ್ತಾನೆ. ನಿಮ್ಗೆ ಕೊಟ್ರೆ ನೀವು ಬೋರ್ಡಿಗೆ ಅಂಟಿಸ್ತೀರ. ಎರಡರಲ್ಲಿ ಯಾವ್ದು ಮಾಡ್ಲಿ ಸಾರ್?"

ಶುಕ್ರವಾರ ಇನ್ನೊಂದು ಕೇಡು. ಮೈದಾನದ ಪಕ್ಕದ ಮನೆಯವರು ಕಾಂಪೌಂಡಿನ ಹಿಂದೆ ಹುಡುಗರು ಏನೋ ಸೇದುತ್ತಾರೆ, ವಾಸನೆ ಬರುತ್ತದೆ ಎಂದು ನಮ್ಮ ಅಧ್ಯಕ್ಷರಾದ ರಾಮಯ್ಯನವರಿಗೆ ದೂರು ಕೊಟ್ಟರು. ರಾಮಯ್ಯನವರು ಮಾರೇನಹಳ್ಳಿಯ ಹಳೇ ಗೌಡರ ಮನೆಯವರು. ಅವರ ತಾತ ಹುರುಳಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವರ ನಾಲ್ಕು ಕಟ್ಟಡಗಳಿವೆ. ಕೆಟ್ಟವರಲ್ಲ. ಆದರೆ ಯಾವುದನ್ನೂ ಮಾರನೆಯ ದಿನಕ್ಕೆ ಇಟ್ಟುಕೊಳ್ಳುವವರಲ್ಲ. ಮಧ್ಯಾಹ್ನದೊಳಗೆ ಮೂತ್ರ ಪರೀಕ್ಷೆಯ ಎರಡು ಡಜನ್ ಕಿಟ್ ತರಿಸಿ, ಕ್ಲಬ್ಬಿನ ವಾಟ್ಸಾಪ್ ಗುಂಪಿಗೆ ಹಾಕಿದರು: ನಾಳೆ ಪ್ರಾಕ್ಟೀಸ್ ಆದ ಮೇಲೆ ಎಲ್ಲರಿಗೂ ಡ್ರಗ್ಸ್ ಟೆಸ್ಟ್, ತಪ್ಪಿಸಿಕೊಂಡವರು ಸಿಕ್ಕಿಬಿದ್ದಂತೆಯೇ ಲೆಕ್ಕ.

ಸಂಜೆ ಮುತ್ತುರಾಜ ಡೆಲಿವರಿ ಚೀಲ ಹೊತ್ತುಕೊಂಡೇ ಕ್ಲಬ್ಬಿನ ಹಿಂದೆ ಬಂದ. ತಂತಿಯ ಮೇಲಿದ್ದ ತನ್ನ ಗ್ಲೌಸಿಗೆ ಕೈ ಹಾಕಿದ. ಅವು ಇನ್ನೂ ನೀರು ತೊಟ್ಟಿಕ್ಕುತ್ತಿದ್ದವು.

"ಊರಿಗ್ ಹೊಂಟೀನ್ ಆಯಿ. ನಮ್ಮವ್ವಗ ಆರಾಮಿಲ್ಲ."

ಮುನಿತಾಯಮ್ಮನಿಗೆ ಇನ್ನೊಂದು ಸಂಜೆ ನೆನಪಾಯಿತಂತೆ. ಹದಿನೈದು ವರ್ಷದ ಹಿಂದೆ, ನಿಷೇಧವಾದ ದಿನ, ಗೌತಮನೂ ಹೀಗೆಯೇ ಬಂದು ಒದ್ದೆ ಬೂಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಹೋಗಿದ್ದ. ಒಣಗುವವರೆಗೂ ಕಾಯದೆ ಹೋಗುವವರು ಮತ್ತೆ ಬರುವುದಿಲ್ಲ ಅನ್ನುವುದು ಅವಳ ನಂಬಿಕೆ. ಗ್ಲೌಸನ್ನು ಅವನ ಕೈಯಿಂದ ಬಿಡಿಸಿಕೊಂಡಳು.

"ಒದ್ದೆದು ಕೊಡಲ್ಲ. ನಾಳೆ ಬೆಳಿಗ್ಗೆ ಬಂದು ತಗೊಂಡು ಹೋಗು."

"ಇವತ್ತ ಬಸ್ ಐತ್ರಿ ಆಯಿ."

"ನಾಳೇನೂ ಬಸ್ಸಿದೆ. ಗ್ಲೌಸ್ ನನ್ನ ಮನೇಲಿರುತ್ತೆ. ನೀನು ಬಂದ್ರೆ ಸಿಗುತ್ತೆ, ಇಲ್ದಿದ್ರೆ ಇಲ್ಲ."

ಅವನು ಡೆಲಿವರಿ ಚೀಲ ಸರಿಮಾಡಿಕೊಂಡು ಹೋದ. ಗೋಲಿ ಗ್ಲೌಸು ಬಿಟ್ಟು ಹೋಗುವುದಿಲ್ಲ ಅಂತ ಅವಳು ನೆಚ್ಚಿಕೊಂಡಳು. ಗೌತಮನ ಬೂಟನ್ನು ತಾನು ಹಿಡಿದುಕೊಳ್ಳಲಿಲ್ಲವಲ್ಲ ಎಂದು ಬೆಳಗಾಗುವವರೆಗೂ ಹೊರಳಾಡಿದಳಂತೆ.

ಶನಿವಾರ ಬೆಳಿಗ್ಗೆ ಮುತ್ತುರಾಜ ಬಂದಿದ್ದ. ಸುಲಭದ ಎರಡು ಚೆಂಡು ಕೈಜಾರಿದವು. ನಂಜುಂಡಪ್ಪ ಮೇಷ್ಟ್ರು ಮ್ಯಾಚಿನ ಒತ್ತಡ ಅಂದುಕೊಂಡರು. ಪ್ರಾಕ್ಟೀಸ್ ಮುಗಿದ ಮೇಲೆ ಹುಡುಗರನ್ನೆಲ್ಲ ಹೊರಗೆ ಕೂರಿಸಿ ನಾವು ಮೂವರು ಒಳಗೆ ಸೇರಿದೆವು. ರಾಮಯ್ಯ, ಮೇಷ್ಟ್ರು, ನಾನು. ಸಿಕ್ಕಿಬಿದ್ದವರಿಗೆ ಏನು ಮಾಡುವುದು ಅಂತ ಟೆಸ್ಟಿಗೆ ಮುಂಚೆಯೇ ತೀರ್ಮಾನ ಆಗಬೇಕಿತ್ತು. ಕಿಟ್ಟುಗಳ ಬಾಕ್ಸು ರಾಮಯ್ಯನವರ ತೊಡೆಯ ಮೇಲಿತ್ತು.

"ಫೋಟೊ ಸಮೇತ ಬೋರ್ಡಿಗೆ ಹಾಕೋದು. ಲೈಫ್ ಬ್ಯಾನ್. ಸ್ಟೇಷನ್ನಿಗೆ ಒಂದು ಲೆಟರ್" ಎಂದರು ರಾಮಯ್ಯ. "ಸಂಪತ್, ಬರ್ಕೊಳಯ್ಯ."

ಮೇಷ್ಟ್ರು ಕೆಮ್ಮಿದರು. "ಗೌಡ್ರೇ, ಗೆಲ್ಲೋಕೆ ಅಂತ ಇಂಜೆಕ್ಷನ್ ತಗೊಳ್ಳೋದು ಬೇರೆ, ಅದು ಆಟಕ್ಕೆ ಮಾಡೋ ಮೋಸ. ಇದನ್ನ ಸೇದಿ ಯಾವನೂ ಚೆನ್ನಾಗಿ ಆಡಲ್ಲ. ಇದು ಕಾಯಿಲೆ ಥರ."

"ಕಾಯಿಲೆ ಆದ್ರೆ ಹರಡುತ್ತೆ ಮೇಷ್ಟ್ರೇ. ಹದಿನೈದು ವರ್ಷದ ಹಿಂದೆ ಕಿತ್ತು ಹಾಕಿದ್ವಿ. ಆಮೇಲೆ ಬಂತಾ?"

ನಾನು ಪೆನ್ನಿನ ಕ್ಯಾಪು ತೆಗೆದೆ. ಇದನ್ನು ಮುಚ್ಚಿಡುವುದಿಲ್ಲ. ತೆಗೆದು ಮೊದಲ ಸಾಲನ್ನೂ ಬರೆದಿದ್ದೆ.

ಆಗ ಮುನಿತಾಯಮ್ಮ ಒಳಗೆ ಬಂದಳು. ಇಪ್ಪತ್ತೇಳು ವರ್ಷದಲ್ಲಿ ಕಮಿಟಿ ಕೂತಾಗ ಅವಳು ಬಾಗಿಲು ದಾಟಿ ಬಂದದ್ದು ಅದೇ ಮೊದಲು. ಸೆರಗಿನ ತುದಿ ಒದ್ದೆಯಾಗಿತ್ತು. ಎಲೆಅಡಿಕೆಯ ಚೀಲದಿಂದ ಪೊಟ್ಟಣ ತೆಗೆದು ನಾನು ಬರೆಯುತ್ತಿದ್ದ ಪುಸ್ತಕದ ಮೇಲೇ ಇಟ್ಟಳು.

"ಇದು ಗುರುವಾರ ಜೇಬಲ್ಲಿ ಸಿಕ್ಕಿದ್ದು. ನಮ್ಮ ಹುಡುಗ್ರಲ್ಲೇ ಒಬ್ಬಂದು."

"ಯಾರ್ದು?" ಅಂದರು ರಾಮಯ್ಯ.

"ಹೇಳ್ತೀನಿ ಗೌಡ್ರೇ. ಮೊದ್ಲು ರೂಲು ಬರೀರಿ."

"ಏನಮ್ಮ, ತಮಾಷೆ ಮಾಡ್ತಾ ಇದೀಯಾ?"

"ಇಲ್ಲ. ಹೋದ್ ಸಲ ಹೆಸರು ಗೊತ್ತಾದ್ಮೇಲೆ ಬರೆದ್ರಿ. ಈ ಸಲ ಹೆಸರಿಗೆ ಮುಂಚೆ ಬರೀರಿ. ನಂಗೆ ಓದೋಕೆ ಬರಲ್ಲ, ಸಂಪತ್ ಸಾರ್ ಓದಿ ಹೇಳ್ಲಿ. ಮೂರೂ ಜನ ಸೈನ್ ಹಾಕಿದ್ಮೇಲೆ ಹೆಸರು ಹೇಳ್ತೀನಿ."

"ನಂಬರ್ ಹೇಳು, ಸಾಕು."

"ಹೇಳಲ್ಲ."

ರಾಮಯ್ಯನವರ ಮೊಮ್ಮಗ ಅನಿಕೇತ್ ನಮ್ಮ ಎಡಗಡೆಯ ವಿಂಗಿನಲ್ಲಿ ಆಡುತ್ತಾನೆ. ನನ್ನ ತಮ್ಮನ ಮಗ ಸಿದ್ಧಾರ್ಥ ಮಿಡ್‌ಫೀಲ್ಡಿನಲ್ಲಿ. ರಾಮಯ್ಯ ಕಿಟಕಿಯಿಂದ ಹೊರಗೆ ನೋಡಿದರು. ಹುಡುಗರು ಗೋಡೆಗೆ ಒರಗಿ ಸಾಲಾಗಿ ಕೂತಿದ್ದರು. "ನಮ್ಮ ಅನಿಕೇತ..." ಎಂದು ಶುರು ಮಾಡಿ ನಿಲ್ಲಿಸಿದರು. ಮುನಿತಾಯಮ್ಮ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನಾನೂ ಹೊರಗೆ ನೋಡಿದೆ. ಸಿದ್ಧಾರ್ಥ ಎರಡು ತಿಂಗಳಿಂದ ಬೆಳಿಗ್ಗೆ ಕಣ್ಣು ಕೆಂಪಗೆ ಮಾಡಿಕೊಂಡು ಬರುತ್ತಿದ್ದದ್ದು, ಮೊಬೈಲು ನೋಡಿ ನೋಡಿ ಎಂದು ಅವನ ತಾಯಿ ಬೈಯುತ್ತಿದ್ದದ್ದು, ಎಲ್ಲವೂ ಒಟ್ಟಿಗೆ ನೆನಪಿಗೆ ಬಂತು. ಬೋರ್ಡಿನ ಮೇಲೆ ಅವನ ಹೆಸರನ್ನು ನನ್ನದೇ ಅಕ್ಷರದಲ್ಲಿ, ಕೆಂಪು ಇಂಕಿನಲ್ಲಿ ಕಂಡೆ. ಪೆನ್ನನ್ನು ಕೆಳಗಿಟ್ಟೆ.

ಮುಂದಿನ ಒಂದೂವರೆ ಗಂಟೆ ನಮ್ಮ ಕ್ಲಬ್ಬಿನ ಚರಿತ್ರೆಯಲ್ಲೇ ಅತಿ ಎಚ್ಚರಿಕೆಯಿಂದ ನಡೆದ ಮೀಟಿಂಗು.

"ಫೋಟೊ ಬೇಡ ಬಿಡು" ಎಂದರು ರಾಮಯ್ಯ ಮೊದಲಿಗೆ. ಆಮೇಲೆ, "ಮೊದಲನೇ ಸಲ ಅಂದ್ರೆ ವಯಸ್ಸೂ ನೋಡ್ಬೇಕಲ್ವಾ." ಆಮೇಲೆ, "ಸ್ಟೇಷನ್ನಿಗೆ ಯಾಕೆ ಹೋಗೋದು, ಮಾರೋನಾದ್ರೆ ಸರಿ, ಸೇದೋ ಹುಡುಗನ್ನ ಹಿಡಿದು ಕೊಟ್ರೆ ಏನು ಬಂತು?" ಕಿಟ್ಟುಗಳ ಬಾಕ್ಸು ತೊಡೆಯಿಂದ ಕುರ್ಚಿಯ ಕೆಳಗೆ ಹೋಯಿತು. ಕಾಲಿನಿಂದ ಅವರು ಅದನ್ನು ಇನ್ನಷ್ಟು ಹಿಂದಕ್ಕೆ ತಳ್ಳಿದ್ದನ್ನು ನಾನು ಕಂಡೆ. ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಟೆಸ್ಟಿನ ಮಾತು ಅಲ್ಲಿಗೇ ಮುಗಿಯಿತು.

ಸರ್ಕಾರಿ ಆಸ್ಪತ್ರೆಯಲ್ಲಿ ಚಟ ಬಿಡಿಸುವ ವಿಭಾಗ ಇದೆ, ಪ್ರತಿ ಮಂಗಳವಾರ ನೋಡುತ್ತಾರೆ ಎಂದು ಮೇಷ್ಟ್ರಿಗೆ ಗೊತ್ತಿತ್ತು. ಡಾಕ್ಟರು ಸರಿ ಅನ್ನುವವರೆಗೆ ಮ್ಯಾಚು ಇಲ್ಲ ಎಂದು ಬರೆದೆ. ಹೆಸರು ಈ ಕೋಣೆಯಿಂದ ಹೊರಗೆ ಹೋಗಬಾರದು, ಮನೆಯವರಿಗೆ ಹೇಳುವುದು ಬಿಡುವುದು ಹುಡುಗನಿಗೇ ಬಿಟ್ಟದ್ದು ಎಂದೂ ಬರೆದೆ. ಇಲ್ಲಿ ಹೆಸರು ಹಾಕಿ ಬರೆಯುತ್ತಿರುವುದು ಅವನನ್ನು ಕೇಳಿಯೇ. ಎರಡನೇ ಸಲ ಸಿಕ್ಕಿದರೆ ಏನು ಎಂಬುದರ ಮೇಲೆ ಜಗಳವಾಗಿ, ಅದನ್ನು ಡಾಕ್ಟರನ್ನು ಕೇಳಿ ಬರೆಯೋಣ ಎಂದು ಖಾಲಿ ಬಿಟ್ಟೆವು. ಅದು ಇನ್ನೂ ಖಾಲಿಯೇ ಇದೆ.

ಬಾಗಿಲ ಹತ್ತಿರ ನಿಂತಿದ್ದ ಮುನಿತಾಯಮ್ಮ ಎರಡೇ ಮಾತು ಸೇರಿಸಿದಳು.

"ಪ್ರಾಕ್ಟೀಸಿಗೆ ಬರಬೇಡ ಅಂತ ಮಾತ್ರ ಬರೀಬೇಡಿ. ಬೆಳಿಗ್ಗೆ ಆರಕ್ಕೆ ಹೋಗೋಕೆ ಅವ್ನಿಗೊಂದು ಜಾಗ ಇರ್ಲಿ. ಇನ್ನೊಂದು, ಆಸ್ಪತ್ರೆಗೆ ಒಬ್ಬನ್ನೇ ಕಳಿಸ್ಬೇಡಿ."

ಎರಡನ್ನೂ ಬರೆದು ಓದಿ ಹೇಳಿದೆ. ಮೂವರೂ ಸೈನ್ ಹಾಕಿದೆವು. ನನ್ನ ಸೈನು ನೋಡಿದರೆ ಬ್ಯಾಂಕಿನವರು ಒಪ್ಪುತ್ತಿರಲಿಲ್ಲ.

"ಈಗ ಹೇಳಮ್ಮ."

"ಒಂದನೇ ನಂಬರ್. ಮುತ್ತುರಾಜಂದು."

ನಾನು ಉಸಿರು ಬಿಟ್ಟೆ. ರಾಮಯ್ಯನವರ ಕುರ್ಚಿಯಿಂದಲೂ ಅದೇ ಶಬ್ದ ಬಂತು. ಆ ಉಸಿರಿನ ನಾಚಿಕೆ ನನಗೆ ಇನ್ನೂ ಹೋಗಿಲ್ಲ. ಸದ್ಯ, ನಮ್ಮವನಲ್ಲ. ಇಷ್ಟೇ ನನ್ನ ಮನಸ್ಸಿಗೆ ಬಂದದ್ದು. ಮೂರು ವರ್ಷದಿಂದ ನಮಗಾಗಿ ಮಣ್ಣಿಗೆ ಬೀಳುತ್ತಿದ್ದ ಹುಡುಗ ಒಂದು ಉಸಿರಿನಲ್ಲಿ ನಮ್ಮವನಲ್ಲದವನಾಗಿದ್ದ.

ರಾಮಯ್ಯನವರ ಬೆನ್ನು ನೆಟ್ಟಗಾಯಿತು. "ಓ, ಆ ಡೆಲಿವರಿ ಹುಡುಗನಾ? ಹಾಗಾದ್ರೆ ಇಷ್ಟೆಲ್ಲ ಯಾಕೆ? ಸುಮ್ನೆ ಊರಿಗೆ ಕಳಿಸಿದ್ರಾಯ್ತು. ಯಾರಿಗೂ ಗೊತ್ತಾಗಲ್ಲ."

ಮೇಷ್ಟ್ರಿಗೆ ಬೇರೆಯೇ ಚಿಂತೆ. "ನಾಳೆ ಒಂದು ಮ್ಯಾಚು ಆಡ್ಲಿ ಗೌಡ್ರೇ. ಅವನಿಲ್ಲದೆ ಹೇಗೆ? ರೂಲು ಸೋಮವಾರದಿಂದ ಶುರು ಮಾಡೋಣ."

ಒಬ್ಬರಿಗೆ ಅವನು ಬೇಡವಾಗಿದ್ದ, ಇನ್ನೊಬ್ಬರಿಗೆ ಒಂದು ದಿನದ ಮಟ್ಟಿಗೆ ಬೇಕಾಗಿದ್ದ. ಮುನಿತಾಯಮ್ಮ ಮುಂದೆ ಬಂದು ಸೈನಿನ ಮೇಲೆ ಬೆರಳಿಟ್ಟಳು. ಸೋಪು ತಿಂದು ಬಿಳಿಚಿಕೊಂಡ ಬೆರಳು.

"ಗೌಡ್ರೇ, ನಿಮ್ಮ ಮೊಮ್ಮಗಂದು ಅಂತ ನಾನು ಹೇಳಿದ್ದಿದ್ರೆ ಇದನ್ನ ಹರೀತಿದ್ರಾ? ಮೇಷ್ಟ್ರೇ, ಅವ್ನು ರಿಸರ್ವಲ್ಲಿ ಕೂರೋ ಹುಡುಗ ಆಗಿದ್ರೆ ಸೋಮವಾರದವರ್ಗೂ ಕಾಯ್ತಿದ್ರಾ?"

ಹೊರಗೆ ಯಾರೋ ಹುಡುಗ ಚೆಂಡನ್ನು ಗೋಡೆಗೆ ಒದೆಯುತ್ತಿದ್ದ. ರಾಮಯ್ಯ ಆ ಕಡೆ ನೋಡಿ, "ಕರೀರಿ ಅವನನ್ನ" ಎಂದರು. ಮೇಷ್ಟ್ರು ಪೊಟ್ಟಣ ಎತ್ತಿಕೊಂಡು ಹೋಗಿ ಕಕ್ಕಸಿಗೆ ಸುರಿದು ಎರಡು ಬಕೀಟು ನೀರು ಹಾಕಿ ಬಂದರು.

ಮುತ್ತುರಾಜ ಬಂದು ಬಾಗಿಲಲ್ಲೇ ನಿಂತ. ಮುನಿತಾಯಮ್ಮ ಚೀಲದಿಂದ ಗ್ಲೌಸು ತೆಗೆದು ಕೊಟ್ಟಳು. "ಒಣಗಿದಾವೆ ನೋಡು." ಕ್ಲಬ್ಬಿನಿಂದ ಕಳಿಸುತ್ತಿದ್ದಾರೆ ಅಂತಲೇ ಅವನು ತಿಳಿದ. ನಾನು ಬರೆದದ್ದನ್ನು ಓದಿದೆ. ಮುಗಿದ ಮೇಲೂ ಅವನಿಗೆ ಅರ್ಥವಾದಂತೆ ಕಾಣಲಿಲ್ಲ. ಇನ್ನೊಮ್ಮೆ ಓದಿದೆ.

"ನಮ್ಮವ್ವಗ ಹೇಳ್ತೀರೇನ್ರಿ?" ಎಂದು ಕೇಳಿದ.

"ಇಲ್ಲಪ್ಪ. ಅದು ನಿಂಗೆ ಬಿಟ್ಟಿದ್ದು."

"ರಾತ್ರಿ ಗಾಡಿ ಹೊಡದ್ ಹೊಡದ್ ನಿದ್ದೀನ ಬರಂಗಿಲ್ರಿ ಸರ. ರೂಮ್‌ನ್ಯಾಗ ಒಬ್ಬಾಂವ ಕೊಟ್ಟಾ. ನಿದ್ದಿ ಬಂತು. ಹಂಗ ಚಾಲೂ ಆತು." ಗ್ಲೌಸನ್ನು ಮುಖಕ್ಕೆ ಒತ್ತಿಕೊಂಡು ನಿಂತುಬಿಟ್ಟ. ರಾಮಯ್ಯ ಎದ್ದು ತಮ್ಮ ಕುರ್ಚಿಯನ್ನು ಅವನ ಕಡೆ ತಳ್ಳಿದರು. ಅದು ಅವರಿಂದಾಗುವ ದೊಡ್ಡ ಮಾತು.

ಭಾನುವಾರ ನಾವು ಮೂರು ಒಂದರಿಂದ ಸೋತೆವು. ಮೂರರಲ್ಲಿ ಎರಡನ್ನು ಮುತ್ತುರಾಜ ನಿದ್ದೆಗಣ್ಣಲ್ಲೂ ತಡೆಯುತ್ತಿದ್ದ. ಅವನು ಬೆಂಚಿನ ತುದಿಯಲ್ಲಿ ಅಂಗಿ ಪ್ಯಾಂಟಿನಲ್ಲಿ ಕೂತಿದ್ದ. ಜನ ಕೇಳಿದ್ದಕ್ಕೆ ಭುಜಕ್ಕೆ ಪೆಟ್ಟು ಎಂದು ಮೇಷ್ಟ್ರು ಹೇಳಿದರು. ನಮ್ಮ ಅಭಿಮಾನಿಗಳು ಕಮಿಟಿಗೆ ಬೈದ ಬೈಗುಳಗಳನ್ನು ಇಲ್ಲಿ ಬರೆಯಲಾರೆ.

ಆಸ್ಪತ್ರೆಗೆ ಜೊತೆಗೆ ಯಾರು ಹೋಗುವುದು ಎಂದಾಗ ಮುನಿತಾಯಮ್ಮ ನನ್ನ ಕಡೆ ನೋಡಿದಳು. "ಅವತ್ತು ನೋಟೀಸು ಬರೆದೋರು ನೀವು, ಡಬ್ಬಿಗೆ ಹಾಕಿದೋಳು ನಾನು. ಇಬ್ರೂ ಹೋಗೋಣ." ಮಂಗಳವಾರ ಎಂಟೂವರೆಗೆ ವಿಜಯನಗರ ಮೆಟ್ರೊ ಸ್ಟೇಷನ್ನಿನ ಮೆಟ್ಟಿಲ ಹತ್ತಿರ ಸೇರುವುದು ಎಂದಾಯಿತು. ನಾನು ಅಂಗಡಿ ಮುಚ್ಚಿ ಎಂಟು ಇಪ್ಪತ್ತಕ್ಕೆ ಹೋದಾಗ ಅವಳು ಆಗಲೇ ನಿಂತಿದ್ದಳು. ಗುರುವಾರ ಕೊಂಡ ಮಲ್ಲಿಗೆಯನ್ನು ಮುಡಿದು ಹಾಳು ಮಾಡಲಿಲ್ಲ, ದೇವರಿಗೆ ಹಾಕಿದೆ ಎಂದು ಹೇಳಿದಳು.

ಎಂಟೂವರೆ ಆಯಿತು. ಒಂಬತ್ತಾಯಿತು. ಮುತ್ತುರಾಜನ ಫೋನು ಸ್ವಿಚ್ ಆಫ್. ರೂಮಿನವನಿಗೆ ಫೋನು ಮಾಡಿದರೆ ಏಳಕ್ಕೇ ಹೊರಟ ಅಂದ. ಊರಿನ ಬಸ್ಸು, ರೈಲು ಹಳಿ, ಏನೇನೋ ಕಣ್ಣ ಮುಂದೆ ಬಂತು. ಸಿಟ್ಟೂ ಬಂತು, ನಾಲಾಯಕ್ ಅಂತ ಬೈದೆ, ಬೈದ ಮೇಲೆ ಇನ್ನಷ್ಟು ಹೆದರಿಕೆಯಾಯಿತು. ಮುನಿತಾಯಮ್ಮ ಮೆಟ್ಟಿಲಿಳಿದು ಬರುವ ಒಂದೊಂದು ಮುಖವನ್ನೂ ನೋಡುತ್ತಿದ್ದಳು. ಮುತ್ತುರಾಜನ ವಯಸ್ಸಿನವರನ್ನಷ್ಟೇ ಅಲ್ಲ, ಮೂವತ್ತು ದಾಟಿದವರನ್ನೂ ನೋಡುತ್ತಿದ್ದಳು. ಯಾಕೆಂದು ಕೇಳಿದೆ.

"ಗೌತಮನಿಗೆ ಈಗ ಮೂವತ್ನಾಲ್ಕು ಸಾರ್. ಜನ ಇರೋ ಕಡೆ ನಿಂತ್ರೆ ಹಿಂಗೇ ನೋಡ್ತೀನಿ. ಅಭ್ಯಾಸ ಆಗ್ಬಿಟ್ಟಿದೆ."

ಹದಿನೈದು ವರ್ಷದಲ್ಲಿ ನಾನು ಒಂದು ಸಲವೂ ಹಾಗೆ ನೋಡಿರಲಿಲ್ಲ.

ಒಂಬತ್ತೂಕಾಲಿಗೆ ರಸ್ತೆಯಾಚೆ ಬೇಕರಿಯ ಪಕ್ಕದಲ್ಲಿ ನಿಂತಿದ್ದ ಬೈಕುಗಳ ನಡುವೆ ಮುತ್ತುರಾಜ ಕಂಡದ್ದು ಅವಳಿಗೇ. ಹೆಲ್ಮೆಟ್ ಹಾಕಿಕೊಂಡೇ ಕೂತಿದ್ದ. ಎಂಟು ಗಂಟೆಯಿಂದ ಅಲ್ಲಿದ್ದು ನಮ್ಮನ್ನು ನೋಡುತ್ತಿದ್ದನಂತೆ. ರಸ್ತೆ ದಾಟಲು ಆಗಿರಲಿಲ್ಲ. ಮುನಿತಾಯಮ್ಮ ಕೈ ಅಡ್ಡ ಹಿಡಿದು ಆಟೋಗಳನ್ನು ನಿಲ್ಲಿಸಿಕೊಂಡು ದಾಟಿ ಹೋಗಿ, ಅವನ ರಟ್ಟೆ ಹಿಡಿದುಕೊಂಡು ಬಂದಳು. ಬೈಯಲಿಲ್ಲ. "ತಿಂಡಿ ತಿಂದ್ಯಾ?" 

ಆಸ್ಪತ್ರೆಯಲ್ಲಿ ಮೊದಲು ಒಂದು ಫಾರಂ ಕೊಟ್ಟರು. ಹೆಸರು, ವಯಸ್ಸು, ವಿಳಾಸ ತುಂಬಿದೆ. ಅದರ ಕೆಳಗೆ ಜೊತೆಗೆ ಬಂದವರ ಹೆಸರು. ಅದರ ಪಕ್ಕದಲ್ಲಿ, ರೋಗಿಗೆ ಏನಾಗಬೇಕು. ಪೆನ್ನು ಅಲ್ಲೇ ನಿಂತಿತು. ಮುತ್ತುರಾಜ ನೆಲ ನೋಡುತ್ತಿದ್ದ. ಕೌಂಟರಿನ ಹೆಂಗಸು ಬೇಗ ಎಂಬಂತೆ ಕೈ ಚಾಚಿದಳು. ಸಂಬಂಧಿಕರು ಎಂದು ಬರೆಯಲೇ ಎಂದು ಮುನಿತಾಯಮ್ಮನನ್ನು ಮೆಲ್ಲಗೆ ಕೇಳಿದೆ. ಏನು ಕೇಳಿದ್ದಾರೆ ಎಂದಳು. ಓದಿ ಹೇಳಿದೆ.

"ಸುಳ್ಳು ಯಾಕೆ ಸಾರ್. ಅವ್ನಿಗೆ ತಾಯಿ ಇದಾಳೆ ಊರಲ್ಲಿ. ಕ್ಲಬ್ಬಿನೋರು ಅಂತ ಬರೀರಿ." ಪೆನ್ನನ್ನೇ ನೋಡುತ್ತಾ ಹೇಳಿದಳು: "ಗೌತಮಂಗೂ ಅವತ್ತೇ ಹಿಂಗೆ ಬರೀಬೇಕಿತ್ತು ನಾವು."

ಬರೆದೆ. ಎಷ್ಟು ಚೆನ್ನಾಗಿ ಬರೆಯಬಲ್ಲೆನೋ ಅಷ್ಟು ಚೆನ್ನಾಗಿ ಬರೆದೆ. ಕೌಂಟರಿನ ಹೆಂಗಸು ಅದನ್ನು ಓದಿ, ನಮ್ಮ ಮೂವರನ್ನೂ ಒಮ್ಮೆ ನೋಡಿ, ಏನೂ ಕೇಳದೆ ಮೊಹರು ಒತ್ತಿದಳು. ಹನ್ನೊಂದನೇ ಕೋಣೆಯ ಮುಂದೆ ಕೂರಿ ಎಂದಳು. ನಾವು ಹೋಗಿ ಬೆಂಚಿನ ಮೇಲೆ ಕೂತೆವು, ಅವನು ನಡುವೆ, ನಾವಿಬ್ಬರು ಆಚೆ ಈಚೆ.